ಉಪಕರಣದ ಋಣ

ಮನುಷ್ಯನಿಗೆ ಮನುಷ್ಯನ ವಿಷಯದಲ್ಲಿ ಕರ್ತವ್ಯವುಂಟೆಂಬುದನ್ನು ಎಲ್ಲರೂ ಒಪ್ಪುತ್ತಾರೆ. ದನಕರುಗಳ ವಿಷಯದಲ್ಲಿಯೂ ನಮ್ಮ ಒಕ್ಕಲಿಗನು ಅದನ್ನು ಅಲ್ಲಗಳೆಯುವುದಿಲ್ಲ. ಆದರೆ ಒಂದು ಉಕ್ಕಿನ ತುಂಡಿನ ವಿಷಯದಲ್ಲಿ ಕರ್ತವ್ಯವೆಂಬುದು ಇರಬಲ್ಲುದೆ? ತನ್ನ ಹಣದಿಂದ ಕೊಂಡವನು ಅಗ್ಗದ್ದನ್ನೇ ಕೊಳ್ಳಲಿ, ಬೇಕಾದಲ್ಲಿ ಎಸೆಯಲಿ, ಅದು ಅವನ ಇಷ್ಟವೆಂದು ಹೇಳಿಬಿಡುವುದು ಸುಲಭ. ಆ ಮಾತು ಎಷ್ಟರಮಟ್ಟಿಗೆ ನಿಲ್ಲುತ್ತದೆಂಬುದನ್ನು ಪಾನಾ ಎಂಬ ಸಣ್ಣ ಉಪಕರಣವನ್ನು ಮುಂದಿಟ್ಟುಕೊಂಡು ವಿಚಾರ ಮಾಡೋಣ. ಪುಸ್ತಕಗಳು ಸ್ಪ್ಯಾನರ್ ಎಂದು ಕರೆಯುವ ಈ ವಸ್ತುವಿಗೆ ನಮ್ಮ ಗಡಿಯ ಕನ್ನಡಿಗರೂ ಮರಾಠಿಗರೂ ಇಟ್ಟುಕೊಂಡ ಹೆಸರು ಒಂದೇ.

ಒಂದು ಕಾಲಕ್ಕೆ ನಮ್ಮ ಒಕ್ಕಲುತನಕ್ಕೆ ಪಾನಾ ಬೇಕಿರಲಿಲ್ಲ. ಕಟ್ಟಿಗೆಯ ನೇಗಿಲು ಸಡಿಲಾದರೆ ಒಂದು ಬೆಣೆ ಹೊಡೆದರೆ ತೀರುತ್ತಿತ್ತು. ಮಿಕ್ಕದ್ದನ್ನು ಬಡಿಗನೂ ಕಮ್ಮಾರನೂ ನೋಡಿಕೊಳ್ಳುತ್ತಿದ್ದರು. ಲಕ್ಷ್ಮಣರಾವ ಕಿರ್ಲೋಸ್ಕರರು ಬೆಳಗಾವಿಯಲ್ಲಿ ಆರಂಭಿಸಿದ್ದ ಉದ್ಯಮವನ್ನು 1910ರಲ್ಲಿ ಇಂದಿನ ನಮ್ಮ ಸಾಂಗಲಿ ಜಿಲ್ಲೆಗೆ ತಂದು, ಕಿರ್ಲೋಸ್ಕರವಾಡಿಯನ್ನು ನೆಲೆಗೊಳಿಸಿ, ಕಬ್ಬಿಣದ ನೇಗಿಲುಗಳನ್ನು ಊರೂರಿಗೆ ಮುಟ್ಟಿಸಿದರು. ಮುಂದೆ ಪಂಪುಗಳೂ ಬಂದವು. ಯಂತ್ರದೊಡನೆ ನಟ್ಟು-ಬೋಲ್ಟುಗಳು ಬಂದವು. ಅವುಗಳ ಬೆನ್ನಿಗೆ ಪಾನಾ ಬಂದಿತು. ಇಂದು ಉಟಗಿಯಂಥ ಹಳ್ಳಿಯಲ್ಲಿ ಸೈಕಲ್ಲು, ಮೋಟರ್ ಸೈಕಲ್ಲು, ಔಷಧ ಸಿಂಪಡಿಸುವ ಯಂತ್ರ, ಬಾವಿಯ ಪಂಪು ಇವುಗಳಲ್ಲಿ ಒಂದಾದರೂ ಇಲ್ಲದ ಮನೆ ವಿರಳ. ಆದ್ದರಿಂದ ಪಡಸಾಲೆಯ ಒಂದು ಮೂಲೆಯಾದರೂ ಚಿಕ್ಕ ಕಾರ್ಯಾಗಾರವಾಗಿಯೇ ಇರುತ್ತದೆ.

ಪಾನಾದ ಮೈಮೇಲೆ ಒಂದು ಅಂಕೆಯನ್ನು ಒತ್ತಿರುತ್ತಾರೆ. 13 ಎಂದಿದ್ದರೆ, ಎದುರುಬದುರಾದ ಎರಡು ಮುಖಗಳ ನಡುವೆ 13 ಮಿಲಿಮೀಟರು ಅಗಲವಿರುವ ನಟ್ಟಿಗೆ ಅದು ಹೊಂದುತ್ತದೆಂದು ಅರ್ಥ. ಈ ಅಂಕೆಯ ಹಿಂದೆ ದೊಡ್ಡದೊಂದು ಒಪ್ಪಂದವಿದೆ. ಹಿಂದೆ ಒಂದೊಂದು ಕಾರ್ಖಾನೆಯದು ಒಂದೊಂದು ಬಗೆಯ ತಿರುಪಾಗಿತ್ತು. ಒಬ್ಬನು ಮಾಡಿದ ನಟ್ಟು ಇನ್ನೊಬ್ಬನ ಬೋಲ್ಟಿಗೆ ಹೊಂದುತ್ತಿರಲಿಲ್ಲ. 1841ರಲ್ಲಿ ಇಂಗ್ಲೆಂಡಿನ ಜೋಸೆಫ್ ವಿಟ್‌ವರ್ಥ್ ಎಲ್ಲರೂ ಒಂದೇ ಅಳತೆಯನ್ನು ಅನುಸರಿಸಬೇಕೆಂದು ಸೂಚಿಸಿದನು. ನಮ್ಮ ದೇಶದಲ್ಲಿ 1956ರ ಕಾಯಿದೆಯ ತರುವಾಯ, 1958ರ ಅಕ್ಟೋಬರಿನಿಂದ, ಮೆಟ್ರಿಕ್ ಅಳತೆಗಳು ಹಂತಹಂತವಾಗಿ ಜಾರಿಗೆ ಬಂದವು. ಹೀಗೆ ಒಬ್ಬರನ್ನೊಬ್ಬರು ಕಾಣದ ಜನರು ಒಂದು ಅಳತೆಗೆ ಕಟ್ಟುಬಿದ್ದುದರಿಂದಲೇ, ಎಲ್ಲಿಯೋ ಮಾಡಿದ ನಟ್ಟನ್ನು ಜತ್ತದ ಪೇಟೆಯಲ್ಲಿ ಕೊಂಡ ಪಾನಾದಿಂದ ಬಿಚ್ಚಲು ಬರುತ್ತದೆ. ಪಾನಾದ ಮೇಲಿನ ಅಂಕೆ, ಮಾಡಿದವನು ಬಳಸುವವನಿಗೆ ಕೊಟ್ಟ ಮಾತು.

ಕಳಪೆಯ ಪಾನಾ ಈ ಮಾತಿಗೆ ತಪ್ಪುತ್ತದೆ. ಅದರ ಉಕ್ಕು ಮೆತ್ತಗಿರುವುದರಿಂದ ಬಲ ಬಿದ್ದೊಡನೆ ಬಾಯಿ ಅಗಲುತ್ತದೆ. ಜಾರಿದ ಪಾನಾ ನಟ್ಟಿನ ಮೂಲೆಗಳನ್ನು ಸವೆಸುತ್ತದೆ. ಆರು ಮೂಲೆಯ ನಟ್ಟು ದುಂಡಗಾದ ಮೇಲೆ ಒಳ್ಳೆಯ ಪಾನಾಕ್ಕೂ ಹಿಡಿತ ಸಿಗುವುದಿಲ್ಲ; ಉಳಿಯಿಂದ ಕಡಿಯಬೇಕಾಗುತ್ತದೆ. ಸಮೀಪದ ಅಳತೆಯನ್ನು ಬಳಸಿದರೂ ಇದೇ ಗತಿ. ಅರ್ಧ ಇಂಚೆಂದರೆ 12.7 ಮಿಲಿಮೀಟರು. ಆ ಅಗಲದ ಹಳೆಯ ನಟ್ಟಿಗೆ 13ರ ಪಾನಾ ಹತ್ತುತ್ತದೆ, ಸಡಿಲಾದ ನಟ್ಟಾದರೆ ತಿರುಗಿಯೂ ತಿರುಗುತ್ತದೆ. ತುಕ್ಕು ಹಿಡಿದು ಬಿಗಿದಿದ್ದರೆ ಮಾತ್ರ ಜಾರುತ್ತದೆ. ಪೂರಾ ಹೊಂದದ ಪಾನಾವನ್ನು ಯಾರೂ ಬಳಸಲಾರರು; ಹೊಂದಿದಂತೆ ತೋರುವುದೇ ಕೆಡಿಸುತ್ತದೆ. ಮನುಷ್ಯರ ಮಾತಿನಲ್ಲಿಯೂ ಶುದ್ಧ ಸುಳ್ಳಿಗಿಂತ ನಿಜಕ್ಕೆ ಸಮೀಪವಾದ ಸುಳ್ಳು ಹೆಚ್ಚು ಹಾನಿ ಮಾಡುವುದನ್ನು ನಾವು ಕಾಣುತ್ತೇವಲ್ಲವೆ?

ಇಲ್ಲಿಯೇ ಕರ್ತವ್ಯದ ಪ್ರಶ್ನೆ ಹುಟ್ಟುತ್ತದೆ. ಅಗ್ಗದ ಪಾನಾದ ಬೆಲೆಯನ್ನು ಕೊಂಡವನೊಬ್ಬನೇ ತೆರುವುದಿಲ್ಲ. ಕೆಟ್ಟ ನಟ್ಟನ್ನು ನಾಳೆ ಬಿಚ್ಚಬೇಕಾದವನು ಇನ್ನೊಬ್ಬನು; ಅಂಗೈಯ ಚರ್ಮ ಸುಲಿಯುವುದು ಅವನದು. ಮಳೆ ಕಡಮೆಯಾದ ನಮ್ಮ ತಾಲೂಕಿನಲ್ಲಿ ದಾಳಿಂಬೆಗೆ ನೀರು ಬಿಡಬೇಕಾದ ದಿನವೇ ಪಂಪು ನಿಂತಿತೆನ್ನಿ. ಆಗ ಬಿಚ್ಚಲು ಬಾರದ ಒಂದು ನಟ್ಟು ಇಡೀ ಮನೆತನದ ವರ್ಷದ ಅನ್ನಕ್ಕೆ ಅಡ್ಡ ನಿಂತೀತು. ನಮ್ಮ ಹಣದಿಂದ ಕೊಂಡ ಮಾತ್ರಕ್ಕೆ ಉಪಕರಣದ ಫಲವೂ ನಮ್ಮೊಬ್ಬರದೇ ಆಗುವುದಿಲ್ಲ.

ಬಡವನು ಏನು ಮಾಡಬೇಕೆಂದು ಕೇಳಬಹುದು. ಈ ಆಕ್ಷೇಪಣೆ ನ್ಯಾಯವಾದುದೇ. ಇಪ್ಪತ್ತು ಪಾನಾಗಳ ಹೊಳೆಯುವ ಪೆಟ್ಟಿಗೆ ಅವನಿಗೆ ಬೇಡ. ತನ್ನ ಮನೆಯ ಯಂತ್ರಗಳ ನಟ್ಟುಗಳನ್ನು ಮೊದಲು ಎಣಿಸಲಿ. ಬಹುತೇಕ 10, 13, 17, 19 ಈ ನಾಲ್ಕರಲ್ಲಿಯೇ ಹೆಚ್ಚಿನ ಕೆಲಸ ತೀರುತ್ತದೆ. ಒಂದು ತುದಿಯಲ್ಲಿ ತೆರೆದ ಬಾಯಿ, ಇನ್ನೊಂದು ತುದಿಯಲ್ಲಿ ರಿಂಗು ಇರುವ ಪಾನಾಗಳನ್ನು ಆರಿಸಲಿ. ಬಿಗಿದ ನಟ್ಟನ್ನು ಸಡಿಲಿಸಲು ರಿಂಗು ಬೇಕು, ಅದು ಸುತ್ತಲಿನ ಮೂಲೆಗಳನ್ನೆಲ್ಲ ಹಿಡಿಯುತ್ತದೆ. ಸಡಿಲಾದ ಮೇಲೆ ಬೇಗ ತಿರುಗಿಸಲು ತೆರೆದ ಬಾಯಿ ಸಾಕು. ಕ್ರೋಮ್ ವೆನೇಡಿಯಮ್ ಉಕ್ಕನ್ನು ಕಾಯಿಸಿ ಅಚ್ಚಿನಲ್ಲಿ ಬಡಿದು ಮಾಡಿದ್ದು ಉತ್ತಮ. ಅಂಕೆಯೂ ಮಾಡಿದವರ ಹೆಸರೂ ಉಕ್ಕಿನಲ್ಲಿಯೇ ಸ್ಪಷ್ಟವಾಗಿ ಒತ್ತಿರಬೇಕು. ತನ್ನ ಹೆಸರು ಒತ್ತಿದವನು ದೂರು ಕೇಳಲು ಸಿದ್ಧನಾಗಿರುತ್ತಾನೆ. ಅಂಗಡಿಗೆ ಹೋಗುವಾಗ ಸವೆಯದ ನಟ್ಟೊಂದನ್ನು ಒಯ್ದು ಬಾಯಿಗೆ ಹಾಕಿ ನೋಡಬೇಕು. ಸಲೀಸಾಗಿ ಕೂಡಬೇಕು, ಆದರೆ ಅಲುಗಾಡಬಾರದು. ಬೇಕಾದಷ್ಟು ಅಗಲಿಸಬಹುದಾದ ಸ್ಕ್ರೂ ಪಾನಾ ಒಂದಿದ್ದರೆ ಎಲ್ಲವೂ ಆಯಿತೆಂಬ ಭ್ರಮೆ ಬೇಡ. ಅಳತೆಯದು ಇರುವಲ್ಲಿ ಅದನ್ನು ಬಳಸದಿರುವುದೇ ಲೇಸು.

ಕೊಂಡದ್ದನ್ನು ಕಾಯ್ದಿಡುವುದೂ ಕರ್ತವ್ಯದ ಭಾಗವೇ. ಕೆಲಸವಾದೊಡನೆ ಮಣ್ಣು, ಬೆವರು ಒರೆಸಿ, ಎಣ್ಣೆ ಸೋಕಿದ ಅರಿವೆಯನ್ನು ಒಮ್ಮೆ ಆಡಿಸಬೇಕು. ರಾಸಾಯನಿಕ ಗೊಬ್ಬರದ ಚೀಲ, ಉಪ್ಪು, ಬ್ಯಾಟರಿ ಇವುಗಳ ಬದಿಯಲ್ಲಿ ಇಡಬಾರದು. ಉಕ್ಕನ್ನು ಅವು ತಿನ್ನುತ್ತವೆ. ಪಾನಾವನ್ನು ಸುತ್ತಿಗೆಯಂತೆ ಬಡಿಯಬಾರದು. ಹಿಡಿಕೆಗೆ ಪೈಪು ತೊಡಿಸಿ ಜಗ್ಗಬಾರದು. ಅದರ ಉದ್ದವನ್ನು ಅದು ತಾಳುವ ಬಲಕ್ಕೆ ತಕ್ಕಂತೆ ಇಟ್ಟಿರುತ್ತಾರೆ. ಖಿಸೆಗಳನ್ನು ಹೊಲಿದ ದಪ್ಪ ಅರಿವೆಯ ಸುರುಳಿ ಒಳ್ಳೆಯದು. ಅದಕ್ಕಿಂತಲೂ ಒಳ್ಳೆಯದು ಗೋಡೆಯ ಹಲಗೆ: ಮೊಳೆ ಹೊಡೆದು, ಒಂದೊಂದು ಪಾನಾದ ಆಕಾರವನ್ನು ಅದರ ಜಾಗದಲ್ಲಿಯೇ ಬಣ್ಣದಿಂದ ಬರೆದುಬಿಟ್ಟರೆ, ಯಾವುದು ಇಲ್ಲವೆಂಬುದು ಬಾಗಿಲಲ್ಲಿ ನಿಂತವನಿಗೂ ತಿಳಿಯುತ್ತದೆ.

ಈ ಹಲಗೆಯಿಂದ ಇನ್ನೊಂದು ತೊಡಕೂ ಬಿಡುತ್ತದೆ. ಒಳ್ಳೆಯ ಪಾನಾ ಇರುವ ಮನೆಗೆ ಊರೇ ಕೇಳಿಕೊಂಡು ಬರುತ್ತದೆ. ಕೊಡದಿದ್ದರೆ ಜಿಪುಣತನ, ಕೊಟ್ಟರೆ ಮರಳಿ ಬರುವ ಭರವಸೆಯಿಲ್ಲ. ಕೆಲವರು ಕೀಲಿ ಹಾಕಿಡುತ್ತಾರೆ. ಆದರೆ ನೆರೆಯವನ ಪಂಪು ನಿಂತಾಗ ಕೀಲಿಯೊಳಗೆ ಹೊಳೆಯುತ್ತಿರುವ ಪಾನಾ ಯಾವ ಪುರುಷಾರ್ಥವನ್ನು ಸಾಧಿಸಿತು? ಕೊಡಲೇಬೇಕೆಂದು ನಮ್ಮ ಮತ. ಕೊಡುವಾಗ ಯಾರಿಗೆ ಕೊಟ್ಟೆವೆಂಬುದನ್ನು ಚೀಟಿಯಲ್ಲಿ ಬರೆದು ಆ ಬರಿಯ ಆಕಾರದ ಮೇಲೆ ತೂಗಹಾಕಿದರೆ ಯಾರನ್ನೂ ಸಂಶಯಿಸಿದಂತಾಗುವುದಿಲ್ಲ, ಯಾರೂ ಮರೆಯುವುದಿಲ್ಲ. ನಾಲ್ಕು ಮನೆಯವರು ಕೂಡಿ ಒಂದು ಒಳ್ಳೆಯ ಜೋಡಣೆಯನ್ನು ಕೊಂಡು ಇದೇ ಕ್ರಮದಲ್ಲಿ ಬಳಸಿದರೆ ಬಡವನ ಪ್ರಶ್ನೆಗೂ ಉತ್ತರ ಸಿಕ್ಕಂತಾಯಿತು.

ಖಂಡೇನವಮಿಯ ದಿನ ನಮ್ಮ ಜನರು ಉಪಕರಣಗಳನ್ನು ತೊಳೆದು, ಕುಂಕುಮವಿಟ್ಟು, ಹೂವೇರಿಸಿ ಕೈಮುಗಿಯುತ್ತಾರೆ. ಕಾಯಕವನ್ನು ದೊಡ್ಡದೆಂದು ಸಾರಿದ ಶರಣರ ನಾಡಿಗೆ ಇದು ಒಪ್ಪುವ ಹಬ್ಬ. ಆ ಒಂದು ದಿನದ ಗೌರವವನ್ನು ವರ್ಷದ ಮಿಕ್ಕ ದಿನಗಳಿಗೂ ಹಬ್ಬಿಸುವುದನ್ನು ಶಾಲೆಯಿಂದ ಆರಂಭಿಸಬಹುದು. ಶಿಕ್ಷಕಬಂಧುಗಳು ಒಂದು ಹಲಗೆಯನ್ನೂ ನಾಲ್ಕು ಪಾನಾಗಳನ್ನೂ ವರ್ಗಕ್ಕೆ ತಂದು, ಅಂಕೆ ಓದುವುದನ್ನು, ನಟ್ಟಿಗೆ ಹೊಂದಿಸುವುದನ್ನು, ಒರೆಸಿ ಇಡುವುದನ್ನು ಮಕ್ಕಳ ಕೈಯಿಂದಲೇ ಮಾಡಿಸಲಿ. ಅಲುಗಾಡುವ ಬೆಂಚಿನ ನಟ್ಟನ್ನು ಸರಿಯಾದ ಪಾನಾದಿಂದ ಬಿಗಿದು, ಅದನ್ನು ಒರೆಸಿ ಮೊಳೆಗೆ ತೂಗಹಾಕುವ ಹುಡುಗನು ಮುಂದಿನ ವರ್ಷ ಅದೇ ಬೆಂಚಿನ ಮೇಲೆ ಕೂಡುವ ಹುಡುಗನಿಗೆ ಸಲ್ಲಬೇಕಾದುದನ್ನು ಸಲ್ಲಿಸಿದಂತೆಯೇ ಸರಿ.