ಅಜ್ಜಿಯ ಕಣ್ಣು, ಅಮ್ಮನ ಕಣ್ಣು

ಹೋದ ದೀಪಾವಳಿಗೆ ಕಳಸಕ್ಕೆ ಹೋದಾಗ ಅಮ್ಮ ಜಗಲಿಯಲ್ಲಿ ಕುಳಿತು ಹರಿವೆ ಸೊಪ್ಪು ಸೋಸುತ್ತಿದ್ದಳು. ನಾನು ಎದುರಿಗೆ ಹೋಗಿ ನಿಂತೆ. “ಯಾರದು?” ಎಂದಳು. ದನಿ ಕೇಳಿದ ಮೇಲೆ ಗುರುತು ಹಿಡಿದು, “ನಿನ್ನ ಸೀರೆ ಅಂಚು ಕಾಣ್ತದೆ ಮಾರಾಯ್ತಿ, ಮುಖ ಇರುವಲ್ಲಿ ಮಾತ್ರ ಮಸಿ ಮೆತ್ತಿದ ಹಾಗೆ” ಎಂದು ನಕ್ಕಳು. ಸ್ವಲ್ಪ ಹೊತ್ತು ಸುಮ್ಮನಿದ್ದು, “ನನ್ನ ಅಮ್ಮನಿಗೆ ಆಡಿದ್ದೆನಲ್ಲ, ಅದಕ್ಕೇ ಇದು” ಎಂದಳು.

ಅವಳು ಏನು ಆಡಿದ್ದಳು ಎನ್ನುವುದು ನನಗೆ ಗೊತ್ತು. ನನಗಾಗ ಹತ್ತು ವರ್ಷ. ಅಜ್ಜಿ ಕೊನೆಗಾಲದಲ್ಲಿ ನಮ್ಮಲ್ಲೇ ಇದ್ದಳು. ಎದುರಿಗೆ ಬಂದವರನ್ನು ಗುರುತಿಸುತ್ತಿರಲಿಲ್ಲ. ತಟ್ಟೆಯ ನಡುವಿನ ಪಲ್ಯ ಹಾಗೇ ಉಳಿಯುತ್ತಿತ್ತು. ಆದರೆ ಬಾಗಿಲ ಮೂಲೆಯಲ್ಲಿ ಬಿದ್ದ ನಾಲ್ಕಾಣೆ ಅವಳಿಗೆ ಕಾಣುತ್ತಿತ್ತು. ಡಾ. ಎಂ.ಸಿ. ಮೋದಿಯವರ ಕಣ್ಣಿನ ಶಿಬಿರಗಳು ನಾಡಿನಲ್ಲೆಲ್ಲ ಹೆಸರಾಗಿದ್ದ ಕಾಲ ಅದು. ವಯಸ್ಸಾದವರ ಕಣ್ಣು ಎಂದರೆ ಪೊರೆ, ಪೊರೆ ತೆಗೆದರೆ ದೃಷ್ಟಿ ಎಂದಷ್ಟೇ ನಮಗೆ ಗೊತ್ತಿದ್ದದ್ದು. ಅಜ್ಜಿಯನ್ನೂ ಒಂದು ಶಿಬಿರಕ್ಕೆ ಕರೆದುಕೊಂಡು ಹೋದರು. ಪೊರೆ ಇಲ್ಲವೆಂದು ವಾಪಸು ಕಳಿಸಿದರು. ಹಾಗಾದರೆ ಕಣ್ಣು ಸರಿಯಾಗಿಯೇ ಇದೆ ಎಂದು ಮನೆಯವರು ತೀರ್ಮಾನಿಸಿಬಿಟ್ಟರು. “ಬೇಕಾದ್ದು ಕಾಣ್ತದೆ, ಬೇಡದ್ದು ಕಾಣೋದಿಲ್ಲ” ಎಂದು ಅಮ್ಮ ನೆಂಟರೆದುರು ಹೇಳುತ್ತಿದ್ದಳು. ಎಲ್ಲರೂ ನಗುತ್ತಿದ್ದರು. ನಾನೂ ನಕ್ಕಿದ್ದೇನೆ.

ನಾಲ್ಕು ವರ್ಷದ ಹಿಂದೆ ಅಮ್ಮನನ್ನು ಚಿಕ್ಕಮಗಳೂರಿನ ಕಣ್ಣಿನ ವೈದ್ಯರಲ್ಲಿಗೆ ಕರೆದೊಯ್ದಾಗ ಅವರು ಮೊದಲು ಕೇಳಿದ್ದೇ, “ಮನೆಯ ಹಿರಿಯರಲ್ಲಿ ಯಾರಿಗಾದರೂ ಹೀಗೆ ಆಗಿತ್ತೇ?” ಎಂದು. ಅಮ್ಮ ತಲೆ ತಗ್ಗಿಸಿದಳು. ಹೌದೆಂದು ನಾನೇ ಹೇಳಿದೆ. ಕಣ್ಣಿನ ಹಿಂಭಾಗದಲ್ಲಿ ಅಕ್ಷಿಪಟಲವಿದೆ. ಅದರ ನಡುವೆ ಸುಮಾರು 5 ಮಿಲಿಮೀಟರ್ ಅಗಲದ ಜಾಗಕ್ಕೆ ಮ್ಯಾಕ್ಯುಲಾ ಎನ್ನುತ್ತಾರೆ. ಮುಖ, ಅಕ್ಷರ, ಸೂಜಿಯ ಕಣ್ಣು ಎಲ್ಲವನ್ನೂ ನಾವು ನೋಡುವುದು ಅದರಿಂದ. ವಯಸ್ಸಾದಂತೆ ಕೆಲವರಲ್ಲಿ ಅದು ಸವೆಯುತ್ತದೆ. ಸುತ್ತಲಿನ ನೋಟ ಉಳಿಯುತ್ತದೆ, ನಡುವಿನದು ಹೋಗುತ್ತದೆ. ಅಜ್ಜಿಗೆ ಮೂಲೆಯ ನಾಲ್ಕಾಣೆ ಕಂಡದ್ದೂ ನಿಜ, ಮಗಳ ಮುಖ ಕಾಣದ್ದೂ ನಿಜ. ಅವಳು ನಾಟಕ ಆಡಿರಲಿಲ್ಲ.

ಈ ರೋಗ ಏಕೆ ಬರುತ್ತದೆ ಎಂದು ಹುಡುಕಿ ಓದಿದೆ. 2005ರಲ್ಲಿ ಸಂಶೋಧಕರು ಇದಕ್ಕೆ ಸಂಬಂಧಿಸಿದ ಒಂದು ಮುಖ್ಯ ವಂಶವಾಹಿಯನ್ನು ಗುರುತಿಸಿದರು. ದೇಹದ ರಕ್ಷಣಾ ವ್ಯವಸ್ಥೆ ದೇಹವನ್ನೇ ಸುಡದಂತೆ ಲಗಾಮು ಹಿಡಿಯುವುದು ಅದರ ಕೆಲಸ. ಅದರಲ್ಲಿ ಒಂದು ಅಕ್ಷರ ಬದಲಾದರೆ ಲಗಾಮು ಸಡಿಲ. ಇಂಥ ಬೇರೆ ವಂಶವಾಹಿಗಳೂ ಇವೆ. ಹಾಗೆಂದು ಅವು ಇದ್ದವರಿಗೆಲ್ಲ ರೋಗ ಬಂದೇ ಬರುವುದಿಲ್ಲ. ವಯಸ್ಸು ಸೇರಬೇಕು, ಬದುಕಿದ ರೀತಿಯೂ ಸೇರುತ್ತದೆ. ನಮ್ಮ ಕೈಯಲ್ಲಿರುವ ಕಾರಣಗಳಲ್ಲಿ ಅತ್ಯಂತ ಖಚಿತವಾದದ್ದು ತಂಬಾಕಿನ ಹೊಗೆ. ಸೇದುವವರಿಗೆ ಅಪಾಯ ಎರಡರಿಂದ ನಾಲ್ಕು ಪಟ್ಟು.

ಇದನ್ನೆಲ್ಲ ಅಮ್ಮನಿಗೆ ವಿವರಿಸಿ, “ನೋಡು, ಇದು ನೀನು ಆಡಿದ್ದರ ಫಲ ಅಲ್ಲ, ರಕ್ತದಲ್ಲಿ ಬಂದದ್ದು” ಎಂದೆ. ಸಮಾಧಾನವಾದೀತು ಅಂದುಕೊಂಡಿದ್ದೆ. ಅವಳು ಥಟ್ಟನೆ, “ಹಾಗಾದರೆ ನನ್ನ ಅಮ್ಮ ಕೊಟ್ಟದ್ದು ಅಂತೀಯಾ?” ಎಂದಳು. ಅಕ್ಕ ನಡುವೆ ಬಾಯಿ ಹಾಕಿ, “ಅಜ್ಜಿ ಯಾಕೆ? ನಲವತ್ತು ವರ್ಷ ಅಪ್ಪನ ಬೀಡಿ ಹೊಗೆ ಕುಡಿಯಲಿಲ್ವಾ?” ಎಂದಳು. ಅಪ್ಪ ತೀರಿಕೊಂಡು ಹದಿನೈದು ವರ್ಷವಾಗಿತ್ತು. ಉತ್ತರ ಹೇಳಲು ಅವನಿರಲಿಲ್ಲ.

ಅಂದು ರಾತ್ರಿ ನಿದ್ದೆ ಬರಲಿಲ್ಲ. ನಾವು ಕಾರಣ ಹುಡುಕುವುದು ತಿಳಿದುಕೊಳ್ಳುವುದಕ್ಕೋ, ಯಾರನ್ನಾದರೂ ಕಟಕಟೆಗೆ ಹತ್ತಿಸುವುದಕ್ಕೋ? ಅಜ್ಜಿ ಅಮ್ಮನಿಗೆ ಗುಂಗುರು ಕೂದಲು ಕೊಟ್ಟಳು, ಒಳ್ಳೆಯ ಕಂಠ ಕೊಟ್ಟಳು. ಈ ಕಣ್ಣನ್ನೂ ಹಾಗೆಯೇ, ತನಗೇ ಗೊತ್ತಿಲ್ಲದೆ ಕೊಟ್ಟಳು. ಬೀಡಿ ಕಣ್ಣನ್ನೂ ಕೆಡಿಸುತ್ತದೆಂದು ಅಪ್ಪನಿಗೆ ಹೇಳಿದವರು ಯಾರು? ಕಾರಣ ಇದ್ದಲ್ಲೆಲ್ಲ ತಪ್ಪು ಇರಬೇಕಾಗಿಲ್ಲ.

ಹಾಗಾದರೆ ತಪ್ಪೇ ಇಲ್ಲವೇ? ಇದೆ. ಕಾಣುವುದಿಲ್ಲ ಎಂದವಳ ಮಾತನ್ನು ನಾವು ನಂಬಲಿಲ್ಲ. ಅದು ತಪ್ಪು. ಆದರೆ ಆ ತಪ್ಪಿನಿಂದ ಈ ರೋಗ ಬರಲಿಲ್ಲ. ಈ ರೋಗ ಬಂದದ್ದರಿಂದ ಆ ತಪ್ಪು ತೀರುವುದೂ ಇಲ್ಲ. ಅಮ್ಮ ಎರಡನ್ನೂ ಒಂದೇ ಲೆಕ್ಕದ ಪುಸ್ತಕದಲ್ಲಿ ಬರೆದುಕೊಂಡು, ಕಣ್ಣು ತೆತ್ತು ಸಾಲ ತೀರಿಸುತ್ತಿದ್ದೇನೆ ಅಂದುಕೊಂಡಿದ್ದಾಳೆ. ಹೀಗೆ ಅಂದುಕೊಳ್ಳುವುದರಲ್ಲಿ ಒಂದು ನೆಮ್ಮದಿ ಇದ್ದೀತು. ಆದರೆ ಹಾಗೆ ನೋಡಿದರೆ ಅಜ್ಜಿಯೂ ಯಾವುದೋ ಪಾಪಕ್ಕೆ ಕಣ್ಣು ತೆತ್ತವಳಾಗುತ್ತಾಳೆ. ಅದನ್ನು ನಾನು ಒಪ್ಪಲಾರೆ.

ನನ್ನ ತಮ್ಮನದು ಇನ್ನೊಂದು ತರ್ಕ. ಸಿಗರೇಟು ಬಿಡು ಎಂದರೆ, “ವಂಶದಲ್ಲೇ ಇದೆಯಲ್ಲ ಅಕ್ಕ, ಬರೋದು ಹೇಗೂ ಬರ್ತದೆ” ಎನ್ನುತ್ತಾನೆ. ಅಮ್ಮ ಎಲ್ಲವನ್ನೂ ತನ್ನ ತಲೆಯ ಮೇಲೆ ಹೊತ್ತುಕೊಂಡರೆ ಇವನು ಎಲ್ಲವನ್ನೂ ಹಣೆಬರಹದ ಮೇಲೆ ಹಾಕುತ್ತಾನೆ. ಗೊತ್ತಿಲ್ಲದೆ ಆದದ್ದಕ್ಕೆ ಯಾರೂ ಹೊಣೆಯಲ್ಲ ನಿಜ. ಗೊತ್ತಾದ ಮೇಲೆ ನಮ್ಮ ಕೈಯಲ್ಲಿರುವಷ್ಟಕ್ಕೆ ನಾವು ಹೊಣೆ. ವಂಶವಾಹಿಯನ್ನು ಆರಿಸಿಕೊಳ್ಳಲು ಬರುವುದಿಲ್ಲ, ಸಿಗರೇಟನ್ನು ಬಿಡಲು ಬರುತ್ತದೆ. ಅಪಾಯ ಇರುವವರೇ ಅದನ್ನು ಮೊದಲು ಬಿಡಬೇಕು.

ಅಕ್ಕನೂ ನಾನೂ ಕಣ್ಣು ತೋರಿಸಿಕೊಂಡು ಬಂದೆವು. ವೈದ್ಯರು ಚೌಕುಳಿ ಗೆರೆಗಳ ಒಂದು ಕಾಗದ ಕೊಟ್ಟರು. ಮಕ್ಕಳ ಗಣಿತದ ಪುಸ್ತಕದ ಹಾಳೆಯಂತಿದೆ. ಒಂದು ಕಣ್ಣು ಮುಚ್ಚಿ ನಡುವಿನ ಚುಕ್ಕೆ ನೋಡಬೇಕು. ಗೆರೆ ಸೊಟ್ಟಗೆ ಕಂಡರೆ ಅಂದೇ ಓಡಬೇಕು. ರಕ್ತನಾಳ ಸೋರುವ ಬಗೆಯದಾದರೆ ಈಗ ಕಣ್ಣಿಗೆ ಇಂಜೆಕ್ಷನ್ ಇದೆ, ತಡಮಾಡಬಾರದಷ್ಟೆ. ಅಮ್ಮನದು ಒಣಗುವ ಬಗೆ. ಅದಕ್ಕೆ ಆ ಇಂಜೆಕ್ಷನ್ ಉಪಯೋಗವಿಲ್ಲ.

ಈಗ ನಾನು ಕಳಸಕ್ಕೆ ಹೋದರೆ ಅಮ್ಮನ ಎದುರು ನಿಲ್ಲುವುದಿಲ್ಲ. ಮೆಟ್ಟಿಲ ಹತ್ತಿರವೇ ನನ್ನ ಹೆಸರು ಹೇಳಿ, ಹೋಗಿ ಪಕ್ಕದಲ್ಲಿ ಕೂರುತ್ತೇನೆ. ಅವಳು ಮುಖ ಆಚೆ ತಿರುಗಿಸಿ, ಓರೆಗಣ್ಣಿನಲ್ಲಿ ನನ್ನನ್ನು ನೋಡುತ್ತಾಳೆ. ನೋಡಿದವರಿಗೆ ನಮ್ಮಿಬ್ಬರಿಗೂ ಜಗಳವಾಗಿದೆ ಅನ್ನಿಸಬೇಕು. “ಈಗ ಕಂಡೆ ನೋಡು” ಎನ್ನುತ್ತಾಳೆ ಅಮ್ಮ. ನಾನು ನಂಬುತ್ತೇನೆ.