ಉಳಿದ ದಿನಗಳು ಯಾರವು?

ದೆಹಲಿಯಿಂದ ಬೆಂಗಳೂರಿಗೆ ರೈಲುದಾರಿ ಸುಮಾರು 2,400 ಕಿಲೋಮೀಟರ್. ವಿಮಾನದ ಹಾದಿ ಸುಮಾರು 1,700. ಕರ್ನಾಟಕ ಎಕ್ಸ್‌ಪ್ರೆಸ್ಸಿನಲ್ಲಿ ಎರಡು ರಾತ್ರಿ ಕಳೆಯಬೇಕು. ವಿಮಾನಕ್ಕೆ ಮೂರು ಗಂಟೆ ಸಾಕು. ಮನೆಬಾಗಿಲಿನಿಂದ ಮನೆಬಾಗಿಲಿಗೆ ಲೆಕ್ಕ ಹಾಕಿದರೂ ಹೋಗಿಬರುವುದರಲ್ಲಿ ಎರಡು ದಿನಗಳಾದರೂ ಉಳಿಯುತ್ತವೆ. ಹೀಗೆ ಉಳಿದ ದಿನಗಳು ಯಾರವು?

ವಿಮಾನ ನಮ್ಮಂಥವರ ಕೈಗೆ ಎಟುಕದಿದ್ದ ಕಾಲದಲ್ಲಿ ದೂರವೇ ನಮ್ಮ ಪರವಾಗಿ ಕ್ಷಮೆ ಕೇಳುತ್ತಿತ್ತು. ತಂತಿ ಕೈಸೇರಿ ನಾವು ಊರು ಮುಟ್ಟುವ ಹೊತ್ತಿಗೆ ಎಲ್ಲವೂ ಮುಗಿದಿರುತ್ತಿತ್ತು. "ಪಾಪ, ದೆಹಲಿಯಿಂದ ಬರಬೇಕಲ್ಲ" ಎಂದು ಬಂಧುಗಳೇ ಸಮಾಧಾನ ಹೇಳುತ್ತಿದ್ದರು. ಆದರೆ ಬೇಸಿಗೆಯಲ್ಲಿ ಒಮ್ಮೆ ಹೋದರೆ ತಿಂಗಳಾದರೂ ಇದ್ದು ಬರುತ್ತಿದ್ದೆವು. ಮಕ್ಕಳು ಅಜ್ಜಿಯ ಕನ್ನಡ ಕಲಿತು ಮರಳುತ್ತಿದ್ದರು.

ಆ ತಂತಿಯೂ 2013ರಲ್ಲಿ ನಿಂತಿತು. ಈಗ ಶುಕ್ರವಾರ ಸಂಜೆ ಹೊರಟು, ಭಾನುವಾರ ರಾತ್ರಿ ಆರ್.ಕೆ. ಪುರಕ್ಕೋ ನೋಯ್ಡಾಕ್ಕೋ ಹಿಂತಿರುಗುತ್ತೇವೆ. ಕಾಲು ತೊಳೆದು ಒಳಗೆ ಬರುವ ಮೊದಲೇ ತಾಯಿ ಕೇಳುತ್ತಾಳೆ: "ಮತ್ತೆ ಯಾವಾಗ ಹೊರಡೋದು?" ಆ ಪ್ರಶ್ನೆಯನ್ನು ಅವಳಿಗೆ ಕಲಿಸಿದವರು ನಾವೇ.

ವಿಮಾನವನ್ನು ದೂರುವುದು ಸಲ್ಲದು. ಹೆತ್ತವರ ಕೊನೆಯ ಮುಖ ನೋಡುವ ಭಾಗ್ಯವನ್ನು ಅದು ನಮ್ಮಲ್ಲಿ ಎಷ್ಟೋ ಮಂದಿಗೆ ಒದಗಿಸಿದೆ. ರಜೆ ಸಿಗುವುದು ಕಷ್ಟವೆಂಬುದೂ ನಿಜ. ಆದರೂ ಹಾದಿಯಲ್ಲಿ ಉಳಿಸಿದ ದಿನಗಳನ್ನೆಲ್ಲ ಕಚೇರಿಗೇ ಸಲ್ಲಿಸಿದರೆ, ಕಾಯುತ್ತಿರುವವರ ಪಾಲನ್ನು ನಾವು ಬಾಕಿ ಇಟ್ಟುಕೊಂಡಂತೆಯೇ ಸರಿ.

ಮುಂದಿನ ಸಲ ಊರಿಗೆ ಹೋದಾಗ ಆ ಎರಡು ದಿನಗಳನ್ನು ಅಲ್ಲಿಯೇ ಕಳೆಯೋಣ. ತಾಯಿ ಕೇಳುವ ಮೊದಲೇ ನಾವೇ ಹೇಳೋಣ: "ಇನ್ನೆರಡು ದಿನ ಇರ್ತೀವಮ್ಮ."