ಕದ್ದವನಿಲ್ಲದ ನಷ್ಟ

ಸರ್ಕಾರದ ಹಣ ವ್ಯರ್ಥವಾಯಿತೆಂಬ ಸುದ್ದಿ ಕಿವಿಗೆ ಬಿದ್ದೊಡನೆ ನಾವು ಕೇಳುವ ಮೊದಲ ಪ್ರಶ್ನೆ, ‘ತಿಂದವರು ಯಾರು?’ ಕಳ್ಳನೊಬ್ಬ ಸಿಕ್ಕಿಬಿದ್ದರೆ ನಮ್ಮ ನ್ಯಾಯಪ್ರಜ್ಞೆಗೆ ಸಮಾಧಾನ. ಆದರೆ ಯಾರೂ ಕದಿಯದೆ, ಯಾರೂ ಕೇಡು ಬಯಸದೆ, ಹಲವರು ತಂತಮ್ಮ ಕೆಲಸವನ್ನು ಅರ್ಧಕ್ಕೆ ಬಿಟ್ಟದ್ದರಿಂದಲೇ ಜನರಿಗೆ ಹಾನಿಯಾದರೆ, ಆ ತಪ್ಪನ್ನು ಯಾರ ಹೆಸರಿಗೆ ಬರೆಯಬೇಕು?

ಬೆಂಗಳೂರಿನ ರಾಜಕಾಲುವೆಗಳನ್ನೇ ನೋಡೋಣ. ದೊಡ್ಡ ನದಿಯಿಲ್ಲದ ಆ ಊರಿನಲ್ಲಿ ಹಿರಿಯರು ಕೆರೆಗಳನ್ನು ಕಟ್ಟಿದರು. ಒಂದು ಕೆರೆ ಕೋಡಿ ಬಿದ್ದರೆ ನೀರು ಕಾಲುವೆಯ ಮೂಲಕ ಕೆಳಗಿನ ಕೆರೆಗೆ ಸೇರುತ್ತಿತ್ತು. ಭಾರತದ ಲೆಕ್ಕನಿಯಂತ್ರಕರು ಮತ್ತು ಮಹಾಲೆಕ್ಕಪರಿಶೋಧಕರು ನಗರದ ಮಳೆನೀರಿನ ನಿರ್ವಹಣೆಯನ್ನು ಪರಿಶೀಲಿಸಿ ನೀಡಿದ ವರದಿ 2021ರಲ್ಲಿ ರಾಜ್ಯದ ಶಾಸನಸಭೆಯ ಮುಂದೆ ಬಂದಿತು. ಕೆರೆಗಳ ನಡುವಿನ ಕೊಂಡಿ ಕಳಚಿದೆ, ಕಾಲುವೆಗಳು ಒತ್ತುವರಿಯಾಗಿವೆ, ಮಳೆನೀರು ಹರಿಯಬೇಕಾದಲ್ಲಿ ಕೊಳಚೆಯೂ ತ್ಯಾಜ್ಯವೂ ಸೇರಿವೆ ಎಂದು ಅದು ದಾಖಲಿಸಿತು. 2022ರ ಸೆಪ್ಟೆಂಬರಿನ ಮಳೆಗೆ ನಗರದ ಪೂರ್ವಭಾಗ ಮುಳುಗಿ, ಜನರನ್ನು ದೋಣಿಗಳಲ್ಲೂ ಟ್ರ್ಯಾಕ್ಟರುಗಳಲ್ಲೂ ಸಾಗಿಸಬೇಕಾಯಿತು.

ಇಂತಹ ಪರಿಶೋಧನೆಯೆಂದರೆ ಕೇವಲ ರಸೀದಿಗಳನ್ನು ಕೂಡಿಸಿ ನೋಡುವುದಲ್ಲ. ಖರ್ಚಾದ ಹಣಕ್ಕೆ ತಕ್ಕ ಫಲ ಜನರಿಗೆ ದೊರೆಯಿತೇ ಎಂಬುದೇ ಅದರ ಪ್ರಶ್ನೆ. ಯಾವ ಅಳತೆಗೋಲಿನಿಂದ ಅಳೆಯುತ್ತೇವೆಂದು ಪರಿಶೋಧಕರು ಇಲಾಖೆಗೆ ಮೊದಲೇ ತಿಳಿಸುತ್ತಾರೆ. ಆ ಅಳತೆಗೋಲಾದರೂ ಬಹುಮಟ್ಟಿಗೆ ಸರ್ಕಾರವೇ ಮಾಡಿದ ಕಾನೂನು, ಇಲಾಖೆಯೇ ಹೊರಡಿಸಿದ ಆದೇಶ, ಅದೇ ಒಪ್ಪಿದ ಯೋಜನೆ. ಬಳಿಕ ಕೆಲವು ಸ್ಥಳಗಳನ್ನು ಮಾದರಿಯಾಗಿ ಆರಿಸಿ, ಕಡತಗಳನ್ನು ಓದಿ, ಅಧಿಕಾರಿಗಳೊಡನೆಯೇ ಸ್ಥಳಕ್ಕೆ ಹೋಗಿ ನೋಡುತ್ತಾರೆ. ಕರಡನ್ನು ಇಲಾಖೆಗೆ ಕಳುಹಿಸಿ ಉತ್ತರ ಕೇಳುತ್ತಾರೆ; ಬಂದ ಉತ್ತರವನ್ನೂ ಅದು ಒಪ್ಪತಕ್ಕದ್ದೇ ಎಂಬುದನ್ನೂ ವರದಿಯಲ್ಲಿ ಬರೆಯುತ್ತಾರೆ. ನೆರೆಯವರ ಮೇಲೆ ತೀರ್ಪು ಕೊಡುವಾಗ ನಮ್ಮಲ್ಲೆಷ್ಟು ಮಂದಿ ಇಷ್ಟು ತಾಳ್ಮೆ ತೋರುತ್ತೇವೆ?

ಹೀಗೆ ನಿರ್ಭೀತಿಯಿಂದ ಬರೆಯಲೆಂದೇ ಸಂವಿಧಾನದ 148ನೇ ವಿಧಿ ಈ ಹುದ್ದೆಗೆ ಬೇಲಿ ಕಟ್ಟಿದೆ. ಸುಪ್ರೀಂ ಕೋರ್ಟಿನ ನ್ಯಾಯಾಧೀಶರನ್ನು ತೆಗೆಯುವಷ್ಟೇ ಕಠಿಣವಾದ ಕ್ರಮವಿಲ್ಲದೆ ಮಹಾಲೆಕ್ಕಪರಿಶೋಧಕರನ್ನು ತೆಗೆಯಲಾಗದು. ಅಧಿಕಾರಾವಧಿಯ ಬಳಿಕ ಅವರು ಕೇಂದ್ರ ಅಥವಾ ರಾಜ್ಯ ಸರ್ಕಾರದ ಬೇರಾವ ಹುದ್ದೆಯನ್ನೂ ಹಿಡಿಯುವಂತಿಲ್ಲ. ಭಯದ ದಾರಿಯನ್ನೂ ಆಸೆಯ ದಾರಿಯನ್ನೂ ಒಟ್ಟಿಗೆ ಮುಚ್ಚಿದ ಈ ವಿವೇಕ ಮೆಚ್ಚತಕ್ಕದ್ದು. ಆದರೆ ಅವರನ್ನು ಆರಿಸುವುದು ಮಾತ್ರ ಕೇಂದ್ರ ಸರ್ಕಾರವೇ. ಅದಕ್ಕೊಂದು ಸ್ವತಂತ್ರ ಆಯ್ಕೆ ಸಮಿತಿಯನ್ನು ಸಂವಿಧಾನ ಹೇಳಿಲ್ಲ. ಬೇಲಿಯಲ್ಲಿ ಉಳಿದ ಈ ಕಂಡಿ ಸಣ್ಣದೇನಲ್ಲ.

ಪರಿಶೋಧಕರು ಯಾರನ್ನೂ ದಂಡಿಸಲಾರರು. ರಾಜ್ಯದ ಕುರಿತ ವರದಿ ರಾಜ್ಯಪಾಲರ ಮೂಲಕ ಶಾಸಕಾಂಗದ ಮುಂದೆ ಬರುತ್ತದೆ. ಸಾರ್ವಜನಿಕ ಲೆಕ್ಕಪತ್ರ ಸಮಿತಿ ಅದನ್ನು ಪರಿಶೀಲಿಸುತ್ತದೆ. ಹಲ್ಲಿಲ್ಲದ ಹುಲಿಯೆಂದು ಗೇಲಿ ಮಾಡುವವರಿದ್ದಾರೆ. ನನಗೆ ಹಾಗೆನಿಸುವುದಿಲ್ಲ. ಸಾಕ್ಷಿ ಹೇಳುವವನೇ ಶಿಕ್ಷೆಯನ್ನೂ ವಿಧಿಸಿದರೆ ಸಾಕ್ಷ್ಯದ ಬೆಲೆ ಕುಗ್ಗುತ್ತದೆ. ಇಲ್ಲಿ ಕೊರತೆಯಿರುವುದು ಹಲ್ಲಿಗಲ್ಲ, ಕಿವಿಗೆ.

ಮೊದಲಿನ ಪ್ರಶ್ನೆಗೆ ಬರೋಣ. ನೀತಿಶಾಸ್ತ್ರದಲ್ಲಿ ಕೃತ್ಯದ ತಪ್ಪಿರುವಂತೆ ಲೋಪದ ತಪ್ಪೂ ಇದೆ. ಕೃತ್ಯದ ತಪ್ಪಿಗೆ ನ್ಯಾಯಾಲಯವಿದೆ. ಹತ್ತಾರು ಮೇಜುಗಳಲ್ಲಿ ಹಂಚಿಹೋದ ಲೋಪವನ್ನು ಒಂದೆಡೆ ಕೂಡಿಸಿ ತೋರಿಸಲು ಇಂತಹ ವರದಿಯೇ ಬೇಕು. ಪ್ರತಿಯೊಬ್ಬನೂ ‘ನನ್ನದೇನೂ ಇಲ್ಲ’ ಎನ್ನಬಹುದಾದಲ್ಲಿ ಅದು ಆ ಮಾತಿಗೆ ಎಡೆಗೊಡುವುದಿಲ್ಲ.

ಆದರೂ ವರದಿಗೆ ಒಂದು ಎಲ್ಲೆಯಿದೆ. ರಾತ್ರಿಯ ಹೊತ್ತಿನಲ್ಲಿ ಒಂದು ಟ್ರ್ಯಾಕ್ಟರ್ ಕಟ್ಟಡದ ಮಣ್ಣನ್ನು ಕಾಲುವೆಗೆ ಸುರಿಸಿದ ಮನೆಯೊಡೆಯನಿಗೆ ಪರಿಶೋಧಕರಿಂದ ಪ್ರಶ್ನೆಪತ್ರ ಬರುವುದಿಲ್ಲ. ಅವರು ವಿಚಾರಿಸುವುದು ಸರ್ಕಾರಿ ಕಚೇರಿಗಳನ್ನು ಮಾತ್ರ.